ಕೇಳಿಸಿಕೊಂಡಿದ್ದಕ್ಕೆ ಎರಡು ಅಂಕ

ಇಪ್ಪತ್ತೊಂಬತ್ತು ವರ್ಷ ನಗರದ ಪಂಪ್ ಹೌಸಿನಲ್ಲಿ ಮೇಲ್ವಿಚಾರಕರಾಗಿದ್ದವರು ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಬಹುದಿತ್ತು. ಕೂತರು ಕೂಡ, ಹದಿನೇಳು ದಿನ. ಅಷ್ಟರಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಹೆಂಡತಿಯ ಕೈಗೆ ಸಕ್ಕರೆಯೇ ಸಿಗದಂತೆ ಮಾಡಿದ್ದರು. ಹದಿನೆಂಟನೆಯ ದಿನ ಹೆಂಡತಿಯೇ ವಿಶ್ವವಿದ್ಯಾಲಯದ ಅರ್ಜಿ ತಂದು ಮುಂದಿಟ್ಟರು.

"ಮಗಳು ಸೇರ್ತಿರೋ ಕೋರ್ಸಿಗೇ ನೀವೂ ಸೇರ್ಕೊಳ್ಳಿ. ವಯಸ್ಸಿನ ಮಿತಿ ಇಲ್ವಂತೆ."

ಹೀಗೆ ಅವರು ಸಂಘಟನಾ ವಿನ್ಯಾಸ ಮತ್ತು ವರ್ತನೆಯ ಎಂ.ಎ. ತರಗತಿಯಲ್ಲಿ ಮಗಳ ಹಿಂದಿನ ಬೆಂಚಿಗೆ ಬಂದು ಕೂತರು. ಜನ ಒಟ್ಟಾಗಿ ಕೆಲಸ ಮಾಡುವಾಗ ಯಾರ ಮಾತು ಯಾರು ಕೇಳುತ್ತಾರೆ, ಏಕೆ ಕೇಳುತ್ತಾರೆ ಎನ್ನುವುದೇ ಅಲ್ಲಿನ ಪಾಠ. ಇದನ್ನು ತಾನು ಓದುವುದಕ್ಕಿಂತ ಪಾಠ ಮಾಡುವುದೇ ವಾಸಿ ಎಂದು ಮೊದಲ ವಾರದಲ್ಲೇ ಅವರಿಗೆ ಅನ್ನಿಸಿಬಿಟ್ಟಿತು. ಇವರ ಅರ್ಧ ವಯಸ್ಸಿನ ಅಧ್ಯಾಪಕಿ ಏನು ಹೇಳಲು ಹೊರಟರೂ ಇವರ ಕೈ ಮೇಲೇಳುತ್ತಿತ್ತು. "ನಮ್ಮ ಪಂಪ್ ಹೌಸಲ್ಲಿ ಏನಾಯ್ತು ಅಂದ್ರೆ..." ಎರಡನೇ ಪಂಪಿನ ಬೇರಿಂಗ್ ಸವೆದದ್ದನ್ನು ತಾವು ಬರೀ ಶಬ್ದದಿಂದ ಪತ್ತೆ ಹಚ್ಚಿದ ಕಥೆಯನ್ನು ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ಮಗಳು ಮೇಜಿನ ಮೇಲೆ ತಲೆ ಇಟ್ಟುಕೊಂಡಳು. ತಂದೆಯ ಬಗೆಗಿನ ಹೆಮ್ಮೆಯ ಕಣ್ಣೀರು ಮುಚ್ಚಿಕೊಳ್ಳುತ್ತಿರಬೇಕು ಎಂದುಕೊಂಡರಂತೆ ಇವರು. ಈಗ ಈ ಭಾಗ ಹೇಳುವಾಗ ಅವರೇ ಹಣೆ ಚಚ್ಚಿಕೊಂಡು ನಗುತ್ತಾರೆ.

ಗುಂಪು ಮಾಡಿದಾಗ ಇವರ ಜೊತೆಗೆ ಮಗಳು, ಒಬ್ಬ ಗಡ್ಡದ ಹುಡುಗ, ಇನ್ನೊಬ್ಬಳು ಮೆಲುದನಿಯ ಹುಡುಗಿ ಸೇರಿ ನಾಲ್ವರಾದರು. ಆ ಹುಡುಗಿ ಬಾಯಿ ತೆರೆಯುವ ಹೊತ್ತಿಗೆ ಇವರ ಎರಡನೇ ವಾಕ್ಯ ಶುರುವಾಗಿರುತ್ತಿತ್ತು. ತಿಂಗಳ ಕೊನೆಗೆ ಹೆಸರು ಬರೆಯದೆ ಒಬ್ಬರಿಗೊಬ್ಬರು ಅಂಕ ಕೊಡಬೇಕಿತ್ತು. ಇವರ ಹಾಳೆ ಬಂತು. 'ಇತರರ ಮಾತು ಕೇಳಿಸಿಕೊಳ್ಳುವುದು: ಹತ್ತಕ್ಕೆ ಸರಾಸರಿ ಎರಡು.'

ಆ ದಿನ ಊಟಕ್ಕೆ ಅವರು ಮಗಳಿಗೆ ಬೆನ್ನು ಹಾಕಿ ಕೂತರು.

"ಅಪ್ಪ, ನಾನು ನಾಲ್ಕು ಕೊಟ್ಟಿದ್ದೆ," ಎಂದಳು ಅವಳೇ.

ಅವರ ಮುಖ ಅರಳಿತು. ಕೈತೊಳೆಯುವಾಗ ಲೆಕ್ಕ ಹೊಳೆಯಿತು. ಮೂವರ ಸರಾಸರಿ ಎರಡು, ಮಗಳದೇ ನಾಲ್ಕು ಎಂದಮೇಲೆ ಉಳಿದ ಇಬ್ಬರದು ಒಂದೊಂದು. ಅದಕ್ಕಿಂತ ಕಡಿಮೆ ಕೊಡಲು ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಮಕ್ಕಳಿಗೆ ತನ್ನ ಬೆಲೆ ಗೊತ್ತಿಲ್ಲ, ಗೊತ್ತಾಗಲಿ ಎಂದು ಅವರು ಒಂದು ಉಪಾಯ ಹೂಡಿದರು. ತರಗತಿಯ ಅಭ್ಯಾಸಕ್ಕೆಂದು ಪ್ರತಿ ಗುಂಪೂ ಯಾವುದಾದರೂ ಕೆಲಸದ ಜಾಗಕ್ಕೆ ಹೋಗಿ, ಅಲ್ಲಿನವರನ್ನು ಮಾತಾಡಿಸಿ ವರದಿ ಬರೆಯಬೇಕಿತ್ತು. "ನಮ್ಮ ಪಂಪ್ ಹೌಸಿಗೇ ಹೋಗೋಣ. ಒಂದು ಫೋನ್ ಮಾಡಿದ್ರೆ ಸಾಕು."

ಹೋದರು. ಹಳೆಯ ಫಿಟ್ಟರ್, ಪಂಪ್ ಆಪರೇಟರ್ ಇಬ್ಬರೂ ಎದ್ದು ನಿಂತು "ಬನ್ನಿ ಸಾಹೇಬ್ರೆ" ಎಂದಾಗ ಇವರು ಹುಡುಗರತ್ತ ಒಮ್ಮೆ ನೋಡಿದರು. ಅಷ್ಟರಲ್ಲಿ ಮಗಳು ಧ್ವನಿಮುದ್ರಣಕ್ಕೆ ಮೊಬೈಲ್ ಮೇಜಿನ ಮೇಲಿಟ್ಟು, "ಅಪ್ಪ, ನೀವು ಹೊರಗಿರಿ. ನಿಮ್ಮೆದುರು ಅವರು ಮಾತಾಡಲ್ಲ," ಎಂದಳು. ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಒಂದೂವರೆ ಗಂಟೆ ಕೂತಿದ್ದಾಯಿತು. ಒಳಗೆ ಆಗಾಗ ನಗು ಕೇಳುತ್ತಿತ್ತು.

ಸಂದರ್ಶನ ಮಾಡದವರು ಅದನ್ನು ಕೇಳಿ ಅಕ್ಷರಕ್ಕೆ ಇಳಿಸಬೇಕೆನ್ನುವುದು ಅಧ್ಯಾಪಕಿಯ ನಿಯಮ. ಮಾರನೆಯ ಮಧ್ಯಾಹ್ನ ಇವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡಲು ಕೂತರು. ಹೊಗಳಿಕೆಯನ್ನು ತಾನೇ ಟೈಪ್ ಮಾಡುವುದು ಸ್ವಲ್ಪ ಮುಜುಗರವೇ, ಆದರೂ ಕರ್ತವ್ಯ.

"ಸಾಹೇಬ್ರು ಒಳ್ಳೇವ್ರೇ," ಎಂದು ಶುರು ಮಾಡಿದ ಫಿಟ್ಟರ್. "ಆದ್ರೆ ನೇರ ಹೇಳೋಹಾಗಿಲ್ಲ. ಏನು ಹೇಳಿದ್ರೂ 'ನಂಗೊತ್ತು' ಅಂತಾರೆ. ಅದಕ್ಕೆ ನಾವು ಉಲ್ಟಾ ಹೇಳೋದು. ಎರಡನೇ ಪಂಪಿನ ಬೇರಿಂಗ್ ಹೋಗಿತ್ತು. ನಾನು ಹೋಗಿ, 'ಸಾಹೇಬ್ರೆ, ಎರಡನೇದು ಕಲ್ಲಿನ ಹಾಗಿದೆ, ಇನ್ನೊಂದು ವರ್ಷ ಮುಟ್ಟೋದೇ ಬೇಡ' ಅಂದೆ. ತಕ್ಷಣ ಎದ್ದು ಬಂದು ಕಿವಿ ಇಟ್ಟು ಕೇಳಿ, 'ನಿಂಗೇನೋ ಗೊತ್ತು? ಬಿಚ್ಚು' ಅಂದ್ರು. ನಾವು ಸ್ಪ್ಯಾನರ್ ಎಲ್ಲ ಮೊದ್ಲೇ ಜೋಡಿಸಿಟ್ಟಿದ್ವಿ."

ಆಪರೇಟರ್ ನಗು ತಡೆಯಲಾರದೆ ಕೆಮ್ಮಿದ. "ಈಗಿನ ಹೊಸ ಸಾಹೇಬ್ರು ಎಲ್ಲರನ್ನೂ ಕೇಳ್ತಾರೆ, ಮೀಟಿಂಗ್ ಮಾಡ್ತಾರೆ. ಇವರಿದ್ದಾಗ ಉಲ್ಟಾ ಹೇಳಿದ್ರೆ ಹತ್ತು ನಿಮಿಷಕ್ಕೆ ಕೆಲಸ ಆಗೋಗ್ತಿತ್ತು."

ಇವರ ಕಿವಿ ಬಿಸಿಯಾಯಿತು. ಹನ್ನೊಂದು ವರ್ಷದಿಂದ ಹೇಳಿಕೊಂಡು ಬಂದ ಕಥೆ! ಎದ್ದು ನೀರು ಕುಡಿದರು. ಮತ್ತೆ ಕೂತರು. ಆ ಭಾಗ ಬರುವಲ್ಲಿ 'ಇಲ್ಲಿ ಧ್ವನಿ ಸ್ಪಷ್ಟವಿಲ್ಲ' ಎಂದು ಟೈಪ್ ಮಾಡಿ ಮುಂದೆ ಹೋದರು. 'ಹತ್ತು ನಿಮಿಷಕ್ಕೆ ಕೆಲಸ' ಎಂಬುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದರು.

ಸಂಜೆ ಮಗಳು ತಾಳೆ ನೋಡಿದಳು. "ಅಪ್ಪ, ಇಲ್ಲಿ ತುಂಬ ಸ್ಪಷ್ಟವಾಗಿದೆಯಲ್ಲ?"

"ನಂಗೊತ್ತು," ಎಂದರು ಅವರು.

ಬಾಯಿಂದ ಬಿದ್ದ ಮಾತು ಇಬ್ಬರಿಗೂ ಒಟ್ಟಿಗೇ ಕೇಳಿಸಿತು. ಮಗಳು ತುಟಿ ಕಚ್ಚಿ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಅವರೂ ಪೆಚ್ಚಾಗಿ ನಕ್ಕರು. ಆಮೇಲೆ ಕನ್ನಡಕ ಏರಿಸಿಕೊಂಡು, ಬಿಟ್ಟದ್ದನ್ನೆಲ್ಲ ಮೊದಲಿನಿಂದ ಟೈಪ್ ಮಾಡಿದರು. ಕೆಮ್ಮನ್ನೂ ಬಿಡಲಿಲ್ಲ.

ತರಗತಿಯಲ್ಲಿ ಆ ಭಾಗವನ್ನು ತಾವೇ ಓದುತ್ತೇನೆಂದು ಹಟ ಹಿಡಿದು ಓದಿದರು. ಅಧ್ಯಾಪಕಿ ಕೇಳಿದರು: "ಅವರು ನೇರವಾಗಿ ಹೇಳಿದ್ದಿದ್ರೆ ಏನು ಮಾಡ್ತಿದ್ರಿ ಸರ್?"

"ಖಂಡಿತ ನಾನು..." ಎಂದು ಎದೆಯುಬ್ಬಿಸಿದವರು ಅರ್ಧಕ್ಕೇ ನಿಂತರು. "ಮುಟ್ಟಬೇಡಿ ಅಂತಿದ್ದೆ ಮೇಡಂ. ಪಂಪ್ ಸುಟ್ಟು ಹೋಗ್ತಿತ್ತು. ಅರ್ಧ ಊರಿಗೆ ನೀರಿರ್ತಿರಲಿಲ್ಲ."

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವಿಚಿತ್ರವೆಂದರೆ, ಅವರಿಗೆ ಅಷ್ಟೇನೂ ನೋವಾಗಲಿಲ್ಲ. ಪಂಪ್ ಹೌಸಿನವರು ತನ್ನನ್ನು ಮೀರಿ ಊರಿಗೆ ನೀರು ಕೊಟ್ಟಿದ್ದರಲ್ಲ, ಅದನ್ನು ನೆನೆದು ಒಂಥರಾ ನೆಮ್ಮದಿಯೇ ಆಯಿತು.

ಮುಂದಿನ ಕೆಲಸಕ್ಕೆ ನಾಲ್ವರೂ ಕ್ಯಾಂಟೀನಿನ ಮೂಲೆಯ ಮೇಜಿಗೆ ಸೇರಿದರು. ಈ ಸಲ ಮೆಲುದನಿಯ ಹುಡುಗಿ ಮಾತು ಶುರು ಮಾಡಿದಳು. ಅವಳ ತಾಯಿ ಆಸ್ಪತ್ರೆಯಲ್ಲಿ ನರ್ಸ್. ಪಾಳಿ ಬದಲಾಗುವ ಹದಿನೈದು ನಿಮಿಷದಲ್ಲಿ ಯಾವ ವಿಷಯ ಕೈಗೆ ಕೈ ದಾಟುತ್ತದೆ, ಯಾವುದು ಉದುರಿಹೋಗುತ್ತದೆ ಎಂಬುದನ್ನು ನೋಡೋಣ ಎಂದಳು. ಇವರಿಗೆ ಹೇಳಲು ಮೂರು ವಿಷಯ ಉಕ್ಕಿ ಬಂದವು. ದವಡೆ ಬಿಗಿಹಿಡಿದು ಮೂರನ್ನೂ ನೋಟುಪುಸ್ತಕದ ಅಂಚಿನಲ್ಲಿ ಬರೆದುಕೊಂಡು ಕೂತರು. ಟೀ ಆರಿತು. ಅವಳು ಮಾತು ಮುಗಿಸುವಷ್ಟರಲ್ಲಿ ಅವುಗಳಲ್ಲಿ ಎರಡನ್ನು ಅವಳೇ ಹೇಳಿಯಾಗಿತ್ತು. ಮೂರನೆಯದು ತಪ್ಪೆಂದು ಅವಳ ಮಾತಿನಿಂದಲೇ ಗೊತ್ತಾಗಿತ್ತು. ಯಾರಿಗೂ ಕಾಣದಂತೆ ಅದರ ಮೇಲೆ ಗೀಟು ಎಳೆದು ಅವರು, "ನಿಮ್ಮ ಅಮ್ಮನ ಪಾಳಿ ಎಷ್ಟು ಗಂಟೆಗೆ ಬದಲಾಗುತ್ತಮ್ಮ?" ಎಂದು ಕೇಳಿದರು.