ಎಡಗಾಲಿನ ಕ್ಲಚ್ಚು

ಬೌದಿಲಿಯೊ ತನ್ನ ಗಾಡಿಯನ್ನು ಬಿಚ್ಚಿ ಹಂಚಿಬಿಡಲು ಹೇಳಿದ್ದಾನೆ ಎಂದು ಅವನ ಹೆಂಡತಿ ಒದಾಲಿಸ್ ಬಂದು ಹೇಳಿದಾಗ ನನಗೆ ಪಿತ್ತ ನೆತ್ತಿಗೇರಿತು. ನಮ್ಮ ಮತಾನ್ಸಾಸ್ ಊರಿನಲ್ಲಿ ಹಾಗೆ ಹಂಚುವುದು ಸತ್ತವರ ಗಾಡಿಯನ್ನು. ಹಳೇ ಮೋಟಾರ್‌ಸೈಕಲ್ಲಿಗೆ ಒಂದು ನಟ್ಟೂ ಸಿಗದ ದೇಶ ನಮ್ಮದು. ಒಬ್ಬ ಹೋದರೆ ಅವನ ಗಾಡಿಯ ಚಕ್ರ ಒಬ್ಬನಿಗೆ, ಕಾರ್ಬ್ಯುರೇಟರ್ ಇನ್ನೊಬ್ಬನಿಗೆ. ಹಾಗೆ ಉಳಿದವರ ಗಾಡಿಗಳು ಓಡುತ್ತವೆ. ಆದರೆ ಈ ಮನುಷ್ಯ ಇನ್ನೂ ಉಸಿರಾಡುತ್ತಿದ್ದಾನಲ್ಲ. ಸಕ್ಕರೆ ಕಾಯಿಲೆಗೆ ಎಡಗಾಲು ಹೋಗಿದೆ, ಅಷ್ಟೆ.

"ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರ್ತಾನೆ," ಅಂದಳು. "ತಟ್ಟೆ ಮುಂದಿಟ್ರೆ ತಳ್ತಾನೆ. ಇಂಜೆಕ್ಷನ್ನೂ ಬೇಡ್ವಂತೆ. ಹೀಗೇ ಬಿಟ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು."

"ಅದಕ್ಕೆ ನನ್ನ ಹತ್ರ ಯಾಕೆ ಬಂದೆ? ನಾವಿಬ್ರೂ ಮಾತು ಬಿಟ್ಟು ಎಷ್ಟು ಕಾಲ ಆಯ್ತು ಅಂತ ನಿಂಗೆ ಗೊತ್ತಿಲ್ವಾ?"

"ಬೇರೆಯವರೆಲ್ಲ ಅಯ್ಯೋ ಪಾಪ ಅಂತಾರೆ, ನಿಕಾಸಿಯೊ. ನೀನು ಬಯ್ತೀಯ. ಅದಕ್ಕೇ ಬಂದೆ."

ಬಯ್ಯದೆ ಇನ್ನೇನು ಮಾಡಲಿ? ಅವನದು ನಲವತ್ತೆಂಟನೇ ಇಸವಿಯ ಹಾರ್ಲೆ, ಅವನ ಅಪ್ಪ ಓಡಿಸಿದ್ದು. ಅದರಲ್ಲಿ ಕಾರ್ಖಾನೆಯಿಂದ ಬರದ ಒಂದು ಸ್ಕ್ರೂ ಕೂಡ ಇರಬಾರದು ಅವನಿಗೆ. ನಾವೆಲ್ಲ ಸಿಕ್ಕಿದ್ದನ್ನು ಅರದಲ್ಲಿ ಉಜ್ಜಿ ಕೂರಿಸಿಕೊಂಡು ಓಡಾಡುತ್ತಿದ್ದರೆ, ಇವನು ಒಂದು ವಾಷರಿಗಾಗಿ ವರ್ಷಗಟ್ಟಲೆ ಗಾಡಿ ನಿಲ್ಲಿಸುತ್ತಿದ್ದ. ನಾನು ಒಮ್ಮೆ ನನ್ನ ಗಾಡಿಗೆ ರಷ್ಯಾದ ಕಾರಿನ ಪಿಸ್ಟನ್ ಹಾಕಿಕೊಂಡು ಗಾಡಿಯವರ ಭಾನುವಾರದ ಕೂಟಕ್ಕೆ ಹೋದಾಗ, ಎಲ್ಲರ ಎದುರು, "ಇದನ್ನ ಇಲ್ಲಿ ನಿಲ್ಲಿಸ್ಬೇಡ, ಉಳುಮೆಗೆ ಕಟ್ಟು" ಅಂದ. ಎಲ್ಲರೂ ನಕ್ಕರು. ಆವತ್ತೇ ಕಡೆ. ಆಮೇಲೆ ಅವನು ಬರುವ ಬೀದಿಯಲ್ಲಿ ನಾನು ಹೋಗಲಿಲ್ಲ.

ಅವನ ಮನೆಗೆ ಹೋದರೆ ಹಿತ್ತಲಲ್ಲಿ ಆಗಲೇ ನಾಲ್ಕಾರು ಜನ ಸೇರಿದ್ದರು. ಒಬ್ಬ ಹೆಡ್‌ಲೈಟು ಸವರುತ್ತಿದ್ದ, ಇನ್ನೊಬ್ಬ ಸ್ಪ್ಯಾನರ್ ತೆಗೆದಿದ್ದ. ಬಾಯಿಗೆ ಬಂದಂತೆ ಬೈದೆ. ಹೆಣ ಎಲ್ಲಿದೆ ತೋರಿಸಿ, ಆಮೇಲೆ ಬಿಚ್ಚಿ ಅಂದೆ. ಸ್ಪ್ಯಾನರ್ ಕೆಳಗಿಟ್ಟರು. ಒಳಗಿನ ಕೋಣೆಯಲ್ಲಿ ಮಲಗಿದ್ದವನಿಗೆ ಇದೆಲ್ಲ ಕೇಳಿಸಿರಲೇಬೇಕು. ಒಂದು ಕೆಮ್ಮೂ ಇಲ್ಲ. ಗಾಡಿಯನ್ನು ತಳ್ಳಿಕೊಂಡು ವೆರ್ಸಾಯೆಸ್ ಬಡಾವಣೆಯ ಏರು ಹತ್ತಿಸಿ ನನ್ನ ಮನೆಗೆ ತಂದೆ. ದಾರಿಯುದ್ದಕ್ಕೂ ಅವನನ್ನು ಶಪಿಸುತ್ತಲೇ ಇದ್ದೆ.

ತೊಂದರೆ ಇದ್ದದ್ದು ಕ್ಲಚ್ಚಿನಲ್ಲಿ. ಆ ಕಾಲದ ಗಾಡಿಯಲ್ಲಿ ಕ್ಲಚ್ಚು ಎಡಗಾಲಿಗೆ. ಟ್ಯಾಂಕಿನ ಪಕ್ಕ ನಿಂತಿರುವ ಉದ್ದನೆಯ ಸರಳನ್ನು ಕೈಯಲ್ಲಿ ಹಿಡಿದು ಗೇರು ಬದಲಿಸಬೇಕು. ಅವನಿಗೆ ಆ ಕಾಲೇ ಇಲ್ಲ. ನನ್ನ ಕೋಳಿಗೂಡಿನ ಪಕ್ಕದ ಶೆಡ್ಡಿನಲ್ಲಿ ಕೂತು ಪೆಡಲನ್ನು ಕತ್ತರಿಸಿ ಎಸೆದೆ. ಕ್ಲಚ್ಚಿಗೊಂದು ಕೇಬಲ್ ಕಟ್ಟಿ, ಎಡಗೈ ಹ್ಯಾಂಡಲಿಗೆ ಹಿಡಿ ಕೂರಿಸಿದೆ. ಒಂಟಿ ಕಾಲಲ್ಲಿ ಗಾಡಿ ನಿಲ್ಲಿಸುವುದು ಹೇಗೆ? ರಷ್ಯಾದ ಗಾಡಿಯೊಂದರ ಒಂಟಿ ಚಕ್ರದ ಸೈಡ್‌ಕಾರ್ ಬೇಡಿ ತಂದು ಚಾಸಿಗೇ ವೆಲ್ಡ್ ಮಾಡಿದೆ. ಅವನು ಪೂಜೆ ಮಾಡುತ್ತಿದ್ದ ಚಾಸಿ ಅದು. ಒಂದೊಂದು ಕಿಡಿ ಹಾರಿದಾಗಲೂ, ತಗೋ ಬೌದಿಲಿಯೊ, ಇದನ್ನೂ ತಗೋ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಗುತ್ತಿತ್ತು. ಗೇರಿನ ಸರಳನ್ನು ಮಾತ್ರ ಮುಟ್ಟಲಿಲ್ಲ. ಅದರ ಕರಿ ಗುಂಡು ಅವನ ಅಪ್ಪನ ಅಂಗೈಯಲ್ಲಿ ಸವೆದು ನುಣ್ಣಗಾಗಿತ್ತು.

ಕೆಲಸ ಮುಗಿದ ಮೇಲೆ ಒದಾಲಿಸ್ ಅವನನ್ನು ಸೈಕಲ್ ಗಾಡಿಯಲ್ಲಿ ಕೂರಿಸಿಕೊಂಡು ಬಂದಳು. ಆಸ್ಪತ್ರೆಗೆ ಅಂತ ಸುಳ್ಳು ಹೇಳಿ ಹೊರಡಿಸಿದ್ದಳಂತೆ. ಕಡ್ಡಿಯಾಗಿದ್ದ. ಊರುಗೋಲು ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತು ಗಾಡಿಯನ್ನು ನೋಡಿದ. ಮುಖ ಕೆಂಪಾಯಿತು. ಬಿಳಿಚಿಕೊಂಡಿದ್ದ ಆ ಮುಖಕ್ಕೆ ಬಣ್ಣ ಬಂದದ್ದು ನೋಡಿ ನನಗೆ ಒಳಗೊಳಗೇ ಸಮಾಧಾನವಾಯಿತು.

"ಕಟುಕ ಕಣೋ ನೀನು," ಅಂದ. ಇಷ್ಟು ವರ್ಷಗಳ ಮೇಲೆ ನನಗೆ ಆಡಿದ ಮೊದಲ ಮಾತು. "ಚಾಸಿಗೆ ವೆಲ್ಡಿಂಗ್ ಮಾಡಿದ್ದೀಯಲ್ಲೋ. ನಿನ್ನ ಕೈಗೆ ಹುಳ ಬೀಳ."

"ಹಂಚಿಬಿಡು ಅಂದೋನು ನೀನು. ನಿಂಗೇನು ಹಕ್ಕಿದೆ ಈಗ? ಹೆಣ ಮಾತಾಡಲ್ಲ."

"ನಾನು ಹೆಣ ಅಲ್ಲ."

"ಹಂಗಾದ್ರೆ ಹತ್ತು, ನೋಡೋಣ."

ಒದಾಲಿಸ್ ಬಾಯಿಗೆ ಟವೆಲ್ ಒತ್ತಿಕೊಂಡು ನಿಂತಿದ್ದಳು. ಸಿಟ್ಟಿನಲ್ಲೇ ಅವನು ಊರುಗೋಲನ್ನು ಸೈಡ್‌ಕಾರಿಗೆ ಎಸೆದ, ಹ್ಯಾಂಡಲ್ ಹಿಡಿದು ಮೈಯನ್ನು ಎತ್ತಿ ಸೀಟಿನ ಮೇಲೆ ಹಾಕಿದ. ನಾನು ಕೈಕೊಡಲು ಹೋದರೆ ಮೊಣಕೈಯಲ್ಲಿ ತಿವಿದ. ಎಡಗೈಯಲ್ಲಿ ಕ್ಲಚ್ಚಿನ ಹಿಡಿ ಅದುಮಿದ. ಬಿಟ್ಟ. ಮತ್ತೆ ಅದುಮಿದ. ಆಮೇಲೆ ನನ್ನನ್ನು ನೋಡಿ ನಕ್ಕ, ಅದೇ ಹಳೇ ಕೊಂಕು ನಗು.

"ಲೋ ಪಂಡಿತ. ಬಲಗೈ ಆಕ್ಸಿಲರೇಟರ್ ಮೇಲೆ. ಎಡಗೈ ಈ ಕ್ಲಚ್ ಮೇಲೆ. ಗೇರನ್ನ ಏನು, ಹಲ್ಲಲ್ಲಿ ಕಚ್ಚಿ ಎಳೀಲಾ?"

ಹೌದಲ್ಲ. ಜೀವಮಾನವಿಡೀ ಕಾಲಲ್ಲಿ ಕ್ಲಚ್ ತುಳಿದು ಎಡಗೈಯಲ್ಲಿ ಗೇರು ಹಾಕಿದ ನನಗೆ, ಆ ಕೈಗೆ ಬೇರೆ ಕೆಲಸ ಇದೆ ಅನ್ನುವುದೇ ಮರೆತಿತ್ತು. ಎರಡು ಕಾಲಿರುವವನ ದಡ್ಡತನ. ಅವನ ನಗು ನಿಧಾನವಾಗಿ ಆರಿತು. ಹೆಗಲು ಇಳಿಬಿದ್ದವು. ಶೆಡ್ಡಿನ ಗೋಡೆ ಕಡೆ ತಿರುಗಿದ. ಮನೆಯಲ್ಲಿ ಮಲಗುವಾಗಲೂ ಹೀಗೇ ತಿರುಗುತ್ತಾನೆ ಅನ್ನಿಸಿ ಹೆದರಿಕೆಯಾಯಿತು.

"ಇಳಿಸು ನನ್ನ," ಅಂದ, ಹೆಂಡತಿಗೆ. "ಮನೆಗೆ ಹೋಗೋಣ."

"ಇಳಿಸ್ಬೇಡ ಅವನನ್ನ," ಅಂದೆ. "ಕೂತಿರ್ಲಿ ಅಲ್ಲೇ. ಲೋ, ನಂಗೆ ತಲೆ ಇಲ್ಲ, ಒಪ್ಪಿದೆ. ನಿಂಗೆ ಇದೆಯಲ್ಲ? ಬೇರೆಯವರ ಗಾಡೀಲಿ ತಪ್ಪು ಹುಡುಕೋಕೆ ಮಾತ್ರಾನಾ ಅದು?"

ಕೋಳಿಗಳು ಕೆದಕುತ್ತಿದ್ದವು. ಆಮೇಲೆ ಅವನ ಎಡಗೈ ತಾನಾಗೇ ಹ್ಯಾಂಡಲಿನಿಂದ ಜಾರಿ ಗೇರಿನ ಕರಿ ಗುಂಡಿನ ಮೇಲೆ ಕೂತಿತು, ಅಷ್ಟು ವರ್ಷದ ಅಭ್ಯಾಸ. ಅವನು ಆ ಕೈಯನ್ನೇ ನೋಡತೊಡಗಿದ. ಬೆರಳು ಮಡಚಿದ, ಬಿಚ್ಚಿದ.

"ಸೈಕಲ್ಲಿನ ಬ್ರೇಕ್ ಹಿಡಿ ಇದೆಯಾ?"

"ಇದೆ."

"ಕ್ಲಚ್ ಈ ಸರಳಿನ ಮೇಲೇ ಬರ್ಬೇಕು. ಒಂದೇ ಕೈಲಿ ಅದುಮೋದು, ಹಂಗೇ ಎಳೆಯೋದು. ಇಲ್ಲಿ ಕತ್ತರಿಸು, ಗುಂಡಿನ ಕೆಳಗೆ. ಆ ಜಾಗದಲ್ಲಿ ಹಿಡಿ ಕೂರ್ಸೋಣ."

ಗರಗಸ ಹಿಡಿದೆ, ಆದರೆ ಕೈ ಏಳಲಿಲ್ಲ. ಅವನ ಚಾಸಿಗೆ ಕಣ್ಣು ಮಿಟುಕಿಸದೆ ಬೆಂಕಿ ಇಟ್ಟವನು ನಾನು. "ಬೇಡ ಕಣೋ," ಅಂದೆ. "ನಿಮ್ಮಪ್ಪ ಹಿಡಿದಿದ್ದು. ಒರಿಜಿನಲ್ ಗುಂಡು ಇದು. ಬೇರೆ ದಾರಿ ನೋಡೋಣ."

ಅವನು ನನ್ನ ಕೈಯಿಂದ ಗರಗಸ ಕಿತ್ತುಕೊಂಡ.

"ನನ್ನ ಕಾಲೂ ಒರಿಜಿನಲ್ಲೇ ಇತ್ತು, ನಿಕಾಸಿಯೊ. ಬಿಟ್ರಾ?"

ಸೀಟಿನ ಮೇಲೆ ಕೂತೇ ಬಾಗಿ ಕೊಯ್ಯತೊಡಗಿದ. ಕಬ್ಬಿಣದ ಪುಡಿ ಅವನ ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಮೇಲೆ ಉದುರಿತು. ಬೆವರು, ಕಣ್ಣೀರು ಎರಡೂ ಸುರಿಯುತ್ತಿದ್ದವು; ಒರೆಸಿಕೊಳ್ಳಲಿಲ್ಲ. ಅರ್ಧಕ್ಕೆ ಸುಸ್ತಾಗಿ ನಿಂತ. ನಾನು ಗರಗಸದ ಇನ್ನೊಂದು ತುದಿ ಹಿಡಿದೆ, ಬೈಯಲಿಲ್ಲ ಅವನು. ಇಬ್ಬರೂ ಎಳೆದೆವು. ಗುಂಡು ನೆಲಕ್ಕೆ ಬಿದ್ದು ಕೋಳಿಗೂಡಿನ ಕಡೆ ಉರುಳಿತು, ಯಾರೂ ಎತ್ತಿಕೊಳ್ಳಲು ಹೋಗಲಿಲ್ಲ.

"ಹಸಿವಾಗ್ತಿದೆ," ಅಂದ ಬೌದಿಲಿಯೊ, ಹೆಂಡತಿಯ ಕಡೆ ತಿರುಗದೆ. "ಈ ಕಟುಕನ ಮನೇಲಿ ತಿನ್ನೋಕೆ ಏನಾದ್ರೂ ಇದೆಯಾ ಕೇಳು."

ಹಿಂದಿನ ದಿನದ ಅನ್ನ, ಕರಿ ಬೀನ್ಸ್ ಕಾಳು ಇತ್ತು. ತಟ್ಟೆಯನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಪೂರ್ತಿ ತಿಂದ. ಉಪ್ಪು ಕಮ್ಮಿ ಅಂತ ಬೈದ.