ಬಾಂಡ್ಲಿಯಲ್ಲಿ ಉಳಿದ ಗಾರೆ

ಹೊಳೆಯಂಚಿನ ಹಳೆಯ ಹಿಟ್ಟಿನ ಗಿರಣಿಯ ಗೋಡೆಗೆ ಗಾರೆ ತುಂಬುವ ಕೆಲಸ. ಗುತ್ತಿಗೆ ಹಿಡಿದವನು ಮೈದುನ, ಮಾಡುವವಳು ಅತ್ತಿಗೆ. ಅವಳಿಗೆ ಈ ವಿದ್ಯೆ ಬಂದದ್ದು ತೀರಿಹೋದ ಗಂಡನಿಂದ. ಎದುರಿನ ಗೋಡೆಯನ್ನು ಅವನು ತುಂಬಿ ಇಪ್ಪತ್ತು ವರ್ಷ. ಇನ್ನೂ ಒಂದು ಕಲ್ಲು ಕದಲಿಲ್ಲ. ಅವಳೂ ನಾಲ್ಕು ತಿಂಗಳು ಗುಂಡಿಯಲ್ಲಿ ಸುಣ್ಣ ನೆನೆಹಾಕಿ, ಬೆಣ್ಣೆಯಂತಾದ ಮೇಲೆ ಮರಳು ಬೆರೆಸಿ, ಸಂದುಗಳಿಗೆ ಬೆರಳುದ್ದ ಬೆರಳುದ್ದ ತುಂಬುತ್ತ ಬಂದಿದ್ದಳು. ಕಲ್ಲು ಮೆತ್ತನೆಯದು. ಗಾರೆ ಅದಕ್ಕಿಂತ ಮೆತ್ತಗಿದ್ದರೆ ತೇವ ಸಂದಿನಿಂದ ಆರಿಹೋಗುತ್ತದೆ. ಗಟ್ಟಿಯಾದರೆ ಕಲ್ಲೇ ಸಿಪ್ಪೆ ಏಳುತ್ತದೆ.

ಇಷ್ಟು ತಿಳಿಯಲು ಇಂಜಿನಿಯರ್ ಸಾಹೇಬರಿಗೆ ಪುರುಸೊತ್ತಿರಲಿಲ್ಲ. ಕಾರಿನಿಂದ ಇಳಿದು, ಇಸ್ತ್ರಿ ಪ್ಯಾಂಟಿಗೆ ಧೂಳು ತಾಗದಷ್ಟು ದೂರದಲ್ಲಿ ನಿಂತು, ಕೈ ಚಾಚಿ ನಾಲ್ಕು ದಿನದ ಗಾರೆಗೆ ಉಗುರು ಒತ್ತಿದರು. ಗುರುತು ಬಿತ್ತು. ಗಿರಣಿಯ ಹಿಟ್ಟಿನಲ್ಲೇ ಗೋಡೆ ಕಟ್ಟಿದ್ದೀರಾ ಎಂದು ನಕ್ಕು, ಸೋಮವಾರದೊಳಗೆ ಗಟ್ಟಿಯಾಗದಿದ್ದರೆ ಗುತ್ತಿಗೆ ಬೇರೆಯವರಿಗೆ ಎಂದರು. ಮೈದುನನೂ ಜೊತೆಗೆ ನಕ್ಕ. ಅವನಿಗೆ ಬೆನ್ನುಮೂಳೆ ಇದ್ದದ್ದು ಕುರ್ಚಿಗೆ ಒರಗುವುದಕ್ಕೆ.

ಭಾನುವಾರ ಅವಳು ಮಗಳ ಮನೆಗೆ ಹೋಗಿದ್ದಳು. ಸೋಮವಾರ ಬಂದು ನೋಡಿದರೆ ಒಂದು ಸಾಲು ಹೊಸದಾಗಿ ತುಂಬಿದೆ. ಬಾಂಡ್ಲಿಯ ಮೇಲಿನ ಒದ್ದೆ ಗೋಣಿ ಎತ್ತಿದಳು. ಅವಳ ಗಾರೆ ಅದರಡಿ ವಾರವಾದರೂ ಹಸಿಯಾಗಿರುತ್ತಿತ್ತು. ಇದರಲ್ಲಿ ಕರಣೆ ನೆಟ್ಟಗೆ ನಿಂತಿತ್ತು. ಎಳೆದರೆ ಬಾಂಡ್ಲಿಯೇ ಮೇಲೆದ್ದಿತು.

"ಎಷ್ಟು ಸಿಮೆಂಟು ಹಾಕ್ದೆ?"

"ಒಂದು ಹಿಡಿ ಅತ್ತಿಗೆ. ಸಾಹೇಬ್ರ ಉಗುರಿಗೆ ಸಾಕಾಗೋವಷ್ಟು."

ಖಾಲಿ ಚೀಲ ಅವನ ಹಿಂದೆಯೇ ಬಿದ್ದಿತ್ತು.

ಸಾಹೇಬರು ಬಂದಾಗ ಅವಳು ಬಾಂಡ್ಲಿಯನ್ನು ಅವರ ಮುಂದಿಟ್ಟು, ಇದರಲ್ಲಿ ಏನು ಬೆರೆಸಿದ್ದಾನೆ ನೋಡಿ ಎಂದಳು. ಅವರು ಬೂಟಿನಿಂದ ತಟ್ಟಿದರು, ಕೊಡೆಯ ತುದಿಯಿಂದ ಕುಟ್ಟಿದರು. ಮುಖ ಅರಳಿತು. ಇದನ್ನೇ ಮೊದಲು ಮಾಡಬಾರದಿತ್ತೇ ಎಂದು ಮೆಚ್ಚಿ, ಗೋಡೆ ಪೂರ್ತಿ ಹೀಗೇ ಆಗಲಿ ಎಂದು ಅಪ್ಪಣೆ ಕೊಟ್ಟರು. ದೂರು ತಂದವಳಿಗೆ ಶಹಬ್ಬಾಸ್‌ಗಿರಿ ಸಿಕ್ಕಿತು.

ಅವಳು ಉಳಿ ಸುತ್ತಿಗೆ ತಂದು ಹೊಸ ಸಾಲಿಗೆ ಒಂದೇಟು ಹಾಕಿದಳು. ಗಾರೆ ಅಲ್ಲಾಡಲಿಲ್ಲ. ಕಲ್ಲಿನ ಅಂಚು ಅಂಗೈಯಗಲ ಕಳಚಿ ಬಿತ್ತು. ಎತ್ತಿ ಸಾಹೇಬರ ಕೈಯಲ್ಲಿಟ್ಟಳು.

"ಗಾರೆ ಗಟ್ಟಿ ಇದೆ ಸಾರ್. ಗೋಡೆ ಎಲ್ಲಿಂದ ತರ್ತೀರಿ?"

ಗುತ್ತಿಗೆ ಹೋಯಿತು ಎಂದು ಮೈದುನ ಪಿಸುಗುಟ್ಟಿದ. ಅವಳು ಆಗಲೇ ಸಣ್ಣ ಉಳಿ ಹಿಡಿದು ಸಂದಿನ ನಡುವಿನಿಂದ ಮೆಲ್ಲಗೆ ಕೆತ್ತತೊಡಗಿದ್ದಳು. ಒಳಗೆ ಇನ್ನೂ ಪೂರ್ತಿ ಬಿಗಿದಿರಲಿಲ್ಲ. ಸಂಜೆಯೊಳಗೆ ತೆಗೆದರೆ ಉಳಿದ ಕಲ್ಲು ಉಳಿಯುತ್ತಿತ್ತು. ಸಾಹೇಬರು ಆ ಚೂರನ್ನು ಎಲ್ಲಿಡುವುದೆಂದು ತಿಳಿಯದೆ ಕರವಸ್ತ್ರದಲ್ಲಿ ಸುತ್ತಿ ಹಿಡಿದುಕೊಂಡು ನಿಂತಿದ್ದರು.

"ಆ ಕಡೆ ಸರೀರಿ ಸಾರ್," ಎಂದಳು ತಿರುಗದೆ. "ಪ್ಯಾಂಟಿಗೆ ಧೂಳು ಬೀಳತ್ತೆ."