ಮೇಲಿನ ಮನೆಯ ನೀರು

ಆ ಕಟ್ಟಡವನ್ನು ಅಪ್ಪ ಅಕ್ಕ ತಮ್ಮ ಇಬ್ಬರ ಹೆಸರಿಗೂ ಬರೆದು ಕಣ್ಣು ಮುಚ್ಚಿದ್ದರು. ಕೆಳಗೆ ತಮ್ಮನ ಸಂಸಾರ, ನಡುವಿನ ಮಹಡಿಯಲ್ಲಿ ಅಕ್ಕ, ಮೇಲೆ ಬಾಡಿಗೆಯವರು. ಅಕ್ಕ ಮದುವೆಯಾಗಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡಿ ನಿವೃತ್ತಳಾಗಿದ್ದಳು. ಬೀದಿಗೆಲ್ಲ ಅವಳು ದೊಡ್ಡಕ್ಕ. ಬಾಡಿಗೆ, ರಿಪೇರಿ ಎಲ್ಲ ತಮ್ಮನ ಕೈಯಲ್ಲಿತ್ತು. “ನಿನಗ್ಯಾಕಕ್ಕ ಈ ತಲೆನೋವು?” ಅಂತ ಅವನೇ ವಹಿಸಿಕೊಂಡಿದ್ದ. ಅವಳೂ ನಂಬಿ ಆರಾಮಾಗಿದ್ದಳು.

ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು, ಕೆಲಕಾಲ ಚಿಕ್ಕಮ್ಮನ ಮಗಳ ಮನೆಯಲ್ಲಿದ್ದು, ದೊಡ್ಡಕ್ಕ ಊರುಗೋಲು ಹಿಡಿದು ವಾಪಸ್ ಬಂದಾಗ ಮೆಟ್ಟಿಲೆಲ್ಲ ಒದ್ದೆ. ಮೇಲಿನ ಮನೆಯವಳು ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ಏದುಸಿರು ಬಿಡುತ್ತಾ ಹತ್ತುತ್ತಿದ್ದಳು.

“ಇದೇನಮ್ಮಾ, ನೀರು ಹೊತ್ಕೊಂಡು ಹೋಗ್ತಿದೀಯ?”

“ನೀವು ಆಸ್ಪತ್ರೆಗೆ ಹೋದ ವಾರದಿಂದಲೇ ಮೇಲೆ ನೀರಿಲ್ಲ ದೊಡ್ಡಕ್ಕಾ. ಪೈಪು ಗೋಡೆಯೊಳಗೇ ತುಕ್ಕು ಹಿಡಿದಿದೆಯಂತೆ. ನಿಮ್ಮ ತಮ್ಮ ಮಾಡಿಸ್ತೀನಿ ಅಂದಿದಾರೆ.”

ಅವಳ ಗಂಡ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಅತ್ತೆ ಪಾರ್ಶ್ವವಾಯು ಹೊಡೆದು ಮಲಗಿದಲ್ಲೇ ಇದ್ದರು. ಅವರ ಹಾಸಿಗೆ, ಬಟ್ಟೆ, ಸ್ನಾನ ಎಲ್ಲಕ್ಕೂ ಅಂಗಳದ ನಲ್ಲಿಯಿಂದಲೇ ನೀರು ಏರಬೇಕಿತ್ತು. ಸೊಸೆಯ ಬೆರಳುಗಳಲ್ಲಿ ಬಕೆಟ್ಟಿನ ಹಿಡಿ ಕೊರೆದ ಗೆರೆಗಳನ್ನು ನೋಡಿ ದೊಡ್ಡಕ್ಕನಿಗೆ ಊಟ ಸೇರಲಿಲ್ಲ.

ಮಾರನೆಯ ದಿನ ತನ್ನ ಅಡುಗೆಮನೆಯ ನಲ್ಲಿ ಸೋರುತ್ತದೆ ಅಂತ ಪ್ಲಂಬರನ್ನು ಕರೆಸಿದಳು. ಕೆಲಸ ಮುಗಿದ ಮೇಲೆ, “ಹಾಗೇ ಮೇಲಿನವರ ಪೈಪೂ ನೋಡಪ್ಪ, ಗೋಡೆ ಒಡೀಬೇಕಾದ್ರೆ ಒಡಿ” ಅಂದಳು.

ಪ್ಲಂಬರು ತಲೆ ಕೆರೆದುಕೊಂಡ. “ಗೋಡೆ ಯಾಕಮ್ಮ ಒಡೀಬೇಕು? ಪೈಪಿಗೆ ಏನೂ ಆಗಿಲ್ಲವಲ್ಲ. ಟ್ಯಾಂಕಿನ ಹತ್ರ ವಾಲ್ವ್ ಮುಚ್ಚಿದೆ ಅಷ್ಟೆ. ನಿಮ್ಮ ತಮ್ಮನೇ ಮುಚ್ಚು ಅಂದ್ರು. ನಿಮಗೂ ಗೊತ್ತಿದೆ ಅಂದ್ಕೊಂಡಿದ್ದೆ.”

ದೊಡ್ಡಕ್ಕನ ಮೈಯೆಲ್ಲ ಹೊತ್ತಿ ಉರಿಯಿತು. ಡಾಕ್ಟರು ಹತ್ತಿ ಇಳಿಯಬೇಡಿ ಅಂದಿದ್ದ ಮೆಟ್ಟಿಲನ್ನು ಗೋಡೆ ಹಿಡಿದು ಇಳಿದು ತಮ್ಮನ ಬಾಗಿಲಿಗೆ ಹೋದಳು. ಅವನು ಸೋಫಾದಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ.

“ಕೂತ್ಕೋ ಅಕ್ಕ, ಹೇಳ್ತೀನಿ. ಬಾಡಿಗೆ ಮನೆ ಇಟ್ಕೊಂಡಿರೋರಿಗೆ ಅಂತ ಒಂದು ಕ್ಲಾಸಿಗೆ ಹೋಗಿದ್ದೆ. ಇಪ್ಪತ್ತು ವರ್ಷ ಮುಂದಕ್ಕೆ ಯೋಚನೆ ಮಾಡ್ಬೇಕಂತೆ. ಹಳೇ ಬಾಡಿಗೆಯವರು ಬಿಟ್ಟುಹೋದ್ರೆ, ಮನೆ ಹೊಸದಾಗಿ ಮಾಡಿ, ಒಳ್ಳೇ ಬಾಡಿಗೆಗೆ ಕೊಡಬಹುದು. ಅದರ ಮೇಲೆ ಸಾಲ ತೆಗೆದು ಇನ್ನೊಂದು ಮನೆ. ಇದು ದೂರದೃಷ್ಟಿ.”

“ಬಿಟ್ಟುಹೋಗಿ ಅಂತ ಹೇಳೋಕೆ ನಿನಗೆ ಬಾಯಿರಲಿಲ್ವೇನೋ?”

“ಹೇಳಿದ್ರೆ ಜಗಳ, ಕೋರ್ಟು, ಕಚೇರಿ. ಅವರಾಗೇ ಹೋದ್ರೆ ಯಾರಿಗೂ ನೋವಿಲ್ಲ.”

“ಯಾರಿಗೂ ನೋವಿಲ್ವಾ! ಮೇಲೆ ಒಂದು ಜೀವ ಮಗ್ಗುಲು ಬದಲಾಯಿಸೋಕೂ ಆಗದೆ ಬಿದ್ದಿದೆ. ಅದನ್ನ ತೊಳೆಯೋ ನೀರಿಗೆ ಬೀಗ ಹಾಕಿದೀಯಲ್ಲೋ! ಅಪ್ಪ ಕಟ್ಟಿಸಿದ ಮನೆ ಕಣೋ ಇದು!”

“ಅಕ್ಕಾ, ನೀನು ಎಲ್ಲದಕ್ಕೂ ಕಣ್ಣೀರು ಹಾಕ್ತೀಯ. ವ್ಯವಹಾರ ನಿನಗೆ ಅರ್ಥ ಆಗಲ್ಲ.”

ದೊಡ್ಡಕ್ಕ ಪ್ಲಂಬರನ್ನು ಕರೆದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ, ತಾರಸಿಗೆ ಹೋದಳು. ಮೇಲಿನ ಮನೆಯ ವಾಲ್ವ್ ತೆರೆಸಿದಳು. ತಮ್ಮನ ಮನೆಯದನ್ನು ಮುಚ್ಚಿಸಿದಳು. ಪ್ಲಂಬರನ್ನು ಕಳಿಸಿ, ಕುರ್ಚಿ ಹಾಕಿಕೊಂಡು ಟ್ಯಾಂಕಿನ ಪಕ್ಕದಲ್ಲೇ ಕೂತುಬಿಟ್ಟಳು.

ತಮ್ಮನ ಹೆಂಡತಿ ಅದೇ ಹೊತ್ತಿಗೆ ತಲೆಗೆ ಶಾಂಪೂ ಹಚ್ಚಿಕೊಂಡಿದ್ದಳು. ಅವಳ ಕೂಗು ತಾರಸಿಗೂ ಕೇಳಿಸಿತು. ತಮ್ಮ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದ. ಹಿಂದೆಯೇ ಅವಳು, ತಲೆಗೆ ಟವೆಲ್ ಸುತ್ತಿಕೊಂಡು, ಕಣ್ಣು ಉಜ್ಜಿಕೊಳ್ಳುತ್ತಾ.

“ಏನಕ್ಕ ಇದು ಹುಚ್ಚಾಟ!”

“ದೂರದೃಷ್ಟಿ ಕಣೋ. ನೀನಾಗೇ ಬಿಟ್ಟುಹೋದ್ರೆ ಯಾರಿಗೂ ನೋವಿಲ್ಲ.”

ದೊಡ್ಡಕ್ಕ ಹೇಳಿದ್ದನ್ನೆಲ್ಲ ಕೇಳಿ ತಮ್ಮನ ಹೆಂಡತಿ ಗಂಡನತ್ತ ತಿರುಗಿದಳು. “ಪೈಪ್ ಕೆಟ್ಟಿದೆ ಅಂತ ನನ್ನ ಹತ್ರಾನೂ ಹೇಳಿದ್ರಲ್ಲ? ಆ ಹುಡುಗಿ ನಮ್ಮ ಕಿಟಕಿ ಮುಂದೇನೇ ನೀರು ಹಿಡಿಯೋಳು. ನಾನು ಪಾಪ ಅಂತ ಅಂದ್ಕೊಂಡು ಕೂತಿದ್ದೆ!” ಆಮೇಲೆ ಅವಳು ಆಡಿದ ಮಾತುಗಳಿಗೆ ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದುಕೊಂಡವು.

ದೊಡ್ಡಕ್ಕ ತಮ್ಮನನ್ನು ಮೇಲಿನ ಮನೆಯ ಬಾಗಿಲಿಗೆ ನಿಲ್ಲಿಸಿದಳು. ಅವನು ಗಂಟಲು ಸರಿಮಾಡಿಕೊಂಡು, “ಪೈಪು ಸರಿಹೋಯ್ತು” ಅಂದ.

“ಪೈಪು ಕೆಟ್ಟೇ ಇರಲಿಲ್ಲ,” ಅಂದಳು ದೊಡ್ಡಕ್ಕ. “ಇವನೇ ಮುಚ್ಚಿಸಿದ್ದ. ನೀವು ಬೇಸತ್ತು ಹೋಗ್ಲಿ ಅಂತ.”

ಕನ್ನಡಕದಂಗಡಿಯವನು ತಮ್ಮನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಮೆಲ್ಲಗೆ ಬಾಗಿಲು ಹಾಕಿಕೊಂಡ.

ಹದಿನೈದು ದಿನ ಕಳೆದಿರಬಹುದು, ಮೇಲಿನ ಮನೆಯವಳು ಬಂದು, ಬೇರೆ ಮನೆ ನೋಡಿದ್ದೇವೆ ಅಂದಳು.

“ಈಗ ನೀರು ಬರ್ತಿದೆಯಲ್ಲಮ್ಮಾ?”

“ಬರ್ತಿದೆ ದೊಡ್ಡಕ್ಕಾ. ಕೆಟ್ಟಿದೆ ಅಂದ್ಕೊಂಡಿದ್ದಾಗ ಹೇಗೋ ಹೊತ್ತೆ. ಬೇಕಂತ್ಲೇ ಮಾಡಿದ್ದು ಅಂತ ಗೊತ್ತಾದ ಮೇಲೆ ನಲ್ಲಿ ತಿರುಗಿಸೋಕೇ ಮನಸ್ಸು ಬರಲ್ಲ. ನಿಮ್ಮ ಮೇಲೆ ಬೇಜಾರಿಲ್ಲ.”

ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಆಕೆಗೆ ಮಾತು ನಿಂತುಹೋಗಿತ್ತು. ದೊಡ್ಡಕ್ಕನ ಮುಂದೆ ಬಂದಾಗ ಸ್ವಾಧೀನದಲ್ಲಿದ್ದ ಒಂದು ಕೈಯನ್ನು ಎತ್ತಿದರು. ಅವರ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ದೊಡ್ಡಕ್ಕನಿಗೆ ಹೊಳೆಯಿತು: ತಮ್ಮ ಬಯಸಿದ್ದು ಇದನ್ನೇ ತಾನೇ? ಬೈಸಿಕೊಂಡೂ ಅವನೇ ಗೆದ್ದಿದ್ದ. ಈಗ ಬಂದ ಸಿಟ್ಟಿನ ಮುಂದೆ ಇಷ್ಟು ದಿನದ್ದು ಏನೂ ಅಲ್ಲ ಅನ್ನಿಸಿತು.

ತಮ್ಮ ಸುಣ್ಣಬಣ್ಣ ಮಾಡಿಸಿ, ಹೊಸಬರನ್ನು ಕರೆತರಲು ಶುರುಮಾಡಿದ. ದೊಡ್ಡಕ್ಕ ಪ್ರತಿಸಲವೂ ತನ್ನ ಬಾಗಿಲು ತೆರೆದು, ಬಂದವರನ್ನು ಒಳಗೆ ಕೂರಿಸಿ, ಹಿಂದಿನವರು ಯಾಕೆ ಹೋದರು ಅಂತ ಒಂದಕ್ಷರ ಬಿಡದೆ ಹೇಳುತ್ತಿದ್ದಳು. ಬಂದವರು ಬಂದ ದಾರಿ ಹಿಡಿಯುತ್ತಿದ್ದರು.

“ನನ್ನ ಹೊಟ್ಟೆ ಮೇಲೆ ಹೊಡೀತಿದೀಯ!” ಅಂತ ತಮ್ಮ ಕಿರುಚಾಡಿದ.

“ಮೇಲಿನ ಮನೆ ನನ್ನ ಪಾಲಿಗೆ ಬರೆದುಕೊಡು. ಕೆಳಗಿನದನ್ನ ನೀನು ಏನಾದ್ರೂ ಮಾಡ್ಕೋ. ಅಲ್ಲೀವರೆಗೆ ನನ್ನ ಬಾಯಿ ಮುಚ್ಚಲ್ಲ.”

ಕೆಳಗೆ ಹೆಂಡತಿಯೂ ಮಾತು ಬಿಟ್ಟಿದ್ದಳು. ಕೊನೆಗೆ ತಮ್ಮ ವಕೀಲರ ಎದುರು ಹಲ್ಲು ಕಚ್ಚಿಕೊಂಡು ಸಹಿ ಹಾಕಿದ.

ದೊಡ್ಡಕ್ಕ ಅಲ್ಲಿಂದ ನೇರವಾಗಿ ಕನ್ನಡಕದಂಗಡಿಗೆ ಹೋದಳು. ಮನೆ ಈಗ ತನ್ನದು, ಬನ್ನಿ ಅಂದಳು. ಅವನು ಕೈಲಿದ್ದ ಗಾಜನ್ನು ಬಟ್ಟೆಯ ಮೇಲಿಟ್ಟು ತಲೆಯಾಡಿಸಿದ.

“ಈಗಿನದು ನೆಲದಂತಸ್ತು. ಅಮ್ಮನ್ನ ಸಂಜೆ ಬಾಗಿಲ ಹತ್ರ ಕೂರಿಸ್ತೀವಿ. ಹೋಗೋ ಬರೋರನ್ನ ನೋಡ್ತಾಳೆ. ಇನ್ನು ಅವಳನ್ನ ಎಲ್ಲಿಗೂ ಎತ್ತಿಕೊಂಡು ಹೋಗೋಕೆ ಮನಸ್ಸಿಲ್ಲ.”

“ಸರಿ ಮಾಡಿದಿರಿ” ಅಂದಳು ದೊಡ್ಡಕ್ಕ.

ಮೇಲಿನ ಮನೆಗೆ ಈಗ ಅವಳ ಹಳೆಯ ಲ್ಯಾಬಿನ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಿದ್ದಾಳೆ. ಅವರು ಸಾಮಾನು ಇಳಿಸುತ್ತಿದ್ದ ದಿನ ತಮ್ಮ ಮೆಟ್ಟಿಲ ಬುಡದಲ್ಲಿ ನಿಂತು, ಮೆಲ್ಲಗೆ, “ಎಷ್ಟಕ್ಕೆ ಕೊಟ್ಟೆ ಅಕ್ಕ?” ಅಂತ ಕೇಳಿದ.

ದೊಡ್ಡಕ್ಕ ಅವನ ಮುಖವನ್ನೂ ನೋಡದೆ, “ದಾರಿ ಬಿಡು, ಮಂಚ ಬರ್ತಿದೆ” ಅಂದಳು.